ಕಲಿಸುವವರಿಗೂ ಒಂದು ಪಂದ್ಯ ಬೇಡವೇ?

ತೋಡಾರಿನಂಥ ಊರಿನವನು ಗಾಲ್ಫ್ ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಮೂಡುಬಿದಿರೆಯ ಆಸುಪಾಸು ಕಂಬಳದ ಸೀಮೆ. ಆದರೆ ಇಲ್ಲಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ವಾಮಂಜೂರು ತಲುಪಿದರೆ ಪಿಲಿಕುಳದ ಗಾಲ್ಫ್ ಮೈದಾನವೇನೂ ದೂರವಿಲ್ಲ.

ಗಾಲ್ಫ್ ಕ್ಲಬ್‌ಗಳಲ್ಲಿ ಸದಸ್ಯರಿಗೆ ಆಟ ಕಲಿಸಿ ಬದುಕುವ ವೃತ್ತಿಪರರಿದ್ದಾರೆ. ಇವರಲ್ಲಿ ಅನೇಕರು ಬಾಲ್ಯದಲ್ಲಿ ಕ್ಯಾಡಿಗಳಾಗಿ ಪರರ ಚೀಲ ಹೊತ್ತವರು. ಕಲಿಸಿ ಹಣ ಪಡೆದವರನ್ನು ನಿಯಮವು ಹವ್ಯಾಸಿಗಳೆಂದು ಒಪ್ಪುವುದಿಲ್ಲ. ಹಾಗೆಂದು ಊರೂರು ಸುತ್ತಿ ಆಡುವ ವೃತ್ತಿಪರರೊಡನೆ ಸೆಣಸೋಣವೆಂದರೆ, ದಿನವೆಲ್ಲ ಪರರ ಹೊಡೆತ ತಿದ್ದುವವರಿಗೆ ಸ್ವಂತ ಅಭ್ಯಾಸಕ್ಕೆ ಬಿಡುವೆಲ್ಲಿ? ಅತ್ತ ಅದೂ ಅಲ್ಲ, ಇತ್ತ ಇದೂ ಅಲ್ಲ.

ಅಮೆರಿಕದಲ್ಲಿ ಇಂಥವರಿಗಾಗಿಯೇ 1968ರಿಂದ ರಾಷ್ಟ್ರೀಯ ಪಂದ್ಯಾವಳಿಯೊಂದು ನಡೆಯುತ್ತಿದೆ. ಅದರ ಮೊದಲ 20 ಮಂದಿಗೆ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಜಗತ್ತಿನ ಶ್ರೇಷ್ಠರ ಜೊತೆ ಆಡುವ ಅರ್ಹತೆ ದೊರೆಯುತ್ತದೆ. 2023ರಲ್ಲಿ ಹಾಗೆ ಬಂದ ಕ್ಯಾಲಿಫೋರ್ನಿಯಾದ ಕ್ಲಬ್ ತರಬೇತುದಾರ ಮೈಕೆಲ್ ಬ್ಲಾಕ್, 46ರ ವಯಸ್ಸಿನಲ್ಲಿ, ಕೊನೆಯ ಸುತ್ತಿನಲ್ಲಿ ರೋರಿ ಮೆಕಿಲ್‌ರಾಯ್ ಜೊತೆ ಆಡುತ್ತ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಸೇರಿಸಿದರು. ಜಂಟಿ 15ನೇ ಸ್ಥಾನ ಪಡೆದರು. ಇದನ್ನು ಪವಾಡವೆಂದು ಬಣ್ಣಿಸಿದವರೇ ಹೆಚ್ಚು. ನನಗೆ ಕಾಣುವುದು ಬಾಗಿಲೊಂದನ್ನು ತೆರೆದಿಟ್ಟ ವ್ಯವಸ್ಥೆ.

ಪ್ರತಿಭೆ ನಮ್ಮಲ್ಲೇನು ಕಡಿಮೆಯೇ? ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಮೈದಾನದಲ್ಲಿ ಕ್ಯಾಡಿಯಾಗಿ ಆಟ ಕಲಿತ ಚಿಕ್ಕರಂಗಪ್ಪ ಏಷ್ಯಾದ ಟೂರ್ನಿಗಳವರೆಗೆ ಬೆಳೆದರು. ಇಂಥ ಹಿನ್ನೆಲೆಯಿಂದ ಬಂದು, ಸಂಸಾರದ ಭಾರಕ್ಕೆ ಆಟ ಬಿಟ್ಟು ಕಲಿಸುವುದಕ್ಕೆ ನಿಂತವರ ಹೆಸರನ್ನು ಯಾರೂ ಬರೆದಿಡುವುದಿಲ್ಲ.

ಕಂಬಳದ ಫಲಿತಾಂಶ ಪಟ್ಟಿಯನ್ನು ನೋಡಿ. ಕೋಣಗಳ ಯಜಮಾನರ ಹೆಸರಿನ ಕೆಳಗೆ ಓಡಿಸಿದವರ ಹೆಸರೂ ಇರುತ್ತದೆ. ಅಶ್ವತ್ಥಪುರದ ಶ್ರೀನಿವಾಸ ಗೌಡರನ್ನು 2020ರ ಐಕಳ ಕಂಬಳದ ಬಳಿಕ ಲೋಕವೇ ಗುರುತಿಸಿತಲ್ಲ! ಓಡಿಸಿದವನ ಹೆಸರು ಹೇಳಿದರೆ ಯಜಮಾನನ ಗೌರವಕ್ಕೆ ಕುಂದು ಬರುತ್ತದೆಂದು ನಮ್ಮ ಕಡೆ ಯಾರೂ ಭಾವಿಸಿಲ್ಲ.

ಖರ್ಚಿನ ನೆಪ ಹೇಳುವವರಿದ್ದಾರೆ. ಮೈದಾನ ಕ್ಲಬ್ಬಿನದೇ, ಆಟಗಾರರೂ ಅಲ್ಲಿನವರೇ. ಬೆಂಗಳೂರು, ಮೈಸೂರು, ಮಂಗಳೂರಿನ ಕ್ಲಬ್‌ಗಳು ಸದಸ್ಯರ ದಟ್ಟಣೆಯಿಲ್ಲದ ಎರಡು ದಿನಗಳನ್ನು ವರ್ಷಕ್ಕೊಮ್ಮೆ ಬಿಟ್ಟುಕೊಟ್ಟರೆ ಸಾಕು. ಬಹುಮಾನ ಸಣ್ಣದಿದ್ದರೂ ಚಿಂತೆಯಿಲ್ಲ. ಮೈಸೂರಿನಲ್ಲಿ ವೃತ್ತಿಪರ ಟೂರ್ನಿ ನಡೆದಾಗ, ಗೆದ್ದ ತರಬೇತುದಾರನಿಗೆ ಅದರಲ್ಲೊಂದು ಸ್ಥಾನ ಕಾದಿರಿಸಲಿ. ಆ ಎರಡು ದಿನ ಅವರ ಪಾಠದ ಶುಲ್ಕಕ್ಕೆ ಕತ್ತರಿ ಬೀಳದಂತೆಯೂ ಕ್ಲಬ್‌ಗಳು ನೋಡಿಕೊಳ್ಳಲಿ.