'ಲಿಮಿಟೆಡ್' ಎಂದರೆ ಯಾರಿಗೆ ಮಿತಿ?

ಹೋಟೆಲುಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ 'ಲಿಮಿಟೆಡ್' ಎಂಬ ಇಂಗ್ಲಿಷ್ ಗುಣವಾಚಕದ ಅರ್ಥವನ್ನು ಹೇಳಿಕೊಡಬೇಕಾದುದಿಲ್ಲ. ಲಿಮಿಟೆಡ್ ಊಟವೆಂದರೆ ಎರಡನೆಯ ಸಲ ಬಡಿಸಿದ ಅನ್ನಕ್ಕೆ ಬೇರೆ ಬಿಲ್ಲು; ಅನ್‌ಲಿಮಿಟೆಡ್ ಎಂದರೆ ಗಿರಾಕಿಯ ಹೊಟ್ಟೆಯೇ ಪ್ರಮಾಣ. ಇಲ್ಲಿ ಮಿತಿ ಉಣ್ಣುವವನಿಗೆ. ಆದರೆ ಅದೇ ಶಬ್ದ ಹೋಟೆಲಿನ ಬೋರ್ಡಿನ ಮೇಲೆ, ಹೆಸರಿನ ತುದಿಯಲ್ಲಿ ಬಂದು ಕುಳಿತಾಗ ಮಿತಿ ಯಾರಿಗೆ?

'ಪ್ರೈವೇಟ್ ಲಿಮಿಟೆಡ್' ಎಂದು ಕಂಡೊಡನೆ ದೊಡ್ಡ ಸಂಸ್ಥೆ, ಭದ್ರವಾದ ಸಂಸ್ಥೆ ಎಂದು ಬಗೆಯುವವರು ನಮ್ಮಲ್ಲಿ ಬಹು ಮಂದಿ. ವಾಸ್ತವದಲ್ಲಿ ಅದು ಬಿರುದಲ್ಲ, ಎಚ್ಚರಿಕೆ. ಮಿತಿಯಿರುವುದು ಹಣ ಹೂಡಿದವರ ಹೊಣೆಗೆ. ಇಂಗ್ಲೆಂಡು 1855ರಲ್ಲಿ ಒಪ್ಪಿದ ಈ ತತ್ತ್ವ 1857ರಲ್ಲಿ ನಮ್ಮ ದೇಶದ ಕಾನೂನಿಗೂ ಬಂದಿತು. 100 ರೂಪಾಯಿಯ ಷೇರಿಗೆ 60 ರೂಪಾಯಿ ತೆತ್ತವನು, ಕಂಪನಿ ಮುಳುಗಿದರೆ ಉಳಿದ 40ನ್ನು ಕೊಟ್ಟರೆ ಸಾಕು. ಅವನು ಮೋಸವೆಸಗಿದುದು ಸಿದ್ಧವಾಗದ ಹೊರತು ಅವನ ಮನೆಮಠಗಳನ್ನು ಯಾರೂ ಮುಟ್ಟಲಾರರು. ವ್ಯವಹರಿಸುವವರಿಗೆ ಇದು ಮೊದಲೇ ತಿಳಿದಿರಲೆಂದೇ ಹೆಸರಿನ ಕೊನೆಯಲ್ಲಿ ಆ ಶಬ್ದವಿರಬೇಕೆಂದು ಕಾನೂನು ವಿಧಿಸಿದೆ. 1932ರ ಕಾನೂನಿಗೊಳಪಟ್ಟ ಸಾಮಾನ್ಯ ಪಾಲುಗಾರಿಕೆಯಲ್ಲಾದರೋ ಪ್ರತಿಯೊಬ್ಬ ಪಾಲುಗಾರನ ಊರಿನ ತೋಟವೂ ಸಾಲಕ್ಕೆ ಹೊಣೆ.

ಭಾಷಾಂತರಗಳು ಈ ಎಚ್ಚರಿಕೆಯನ್ನು ಇನ್ನಷ್ಟು ಮಸುಕುಗೊಳಿಸಿವೆ. ಕನ್ನಡನಾಡಿನ ಸಹಕಾರ ಸಂಘಗಳ ಹೆಸರಿನ ಕೊನೆಗೆ 'ನಿಯಮಿತ' ಎಂದಿರುತ್ತದೆ. ಅದನ್ನು ಓದಿದವನಿಗೆ ನಿಯಮ ತಪ್ಪದ ಸಂಘವೆಂಬ ಭಾವ ಹುಟ್ಟಿದರೆ ತಪ್ಪು ಅವನದೆ? ಮುಂಬಯಿಯ ಹೌಸಿಂಗ್ ಸೊಸೈಟಿಗಳ ಗೇಟಿನ ಮೇಲೆ ಮರಾಠಿಯಲ್ಲಿ 'ಮರ್ಯಾದಿತ' ಎಂದಿದೆ. ಊರಿನಿಂದ ಹೊಸದಾಗಿ ಬಂದ ನಮ್ಮ ಹುಡುಗನು ಅದನ್ನು ಮರ್ಯಾದಸ್ಥರ ವಸತಿಯೆಂದು ತಿಳಿದರೆ ನಗಬೇಕಾಗಿಲ್ಲ. ಸಂಸ್ಕೃತದಲ್ಲಿ ಮರ್ಯಾದೆಯೆಂದರೆ ಮೊದಲಿಗೆ ಎಲ್ಲೆ. ಎಲ್ಲೆ ಮೀರದವನಿಗೆ ಗೌರವ ಸಂದು, ಕನ್ನಡದ ಬಳಕೆಯಲ್ಲಿ ಗೌರವವೇ ಮುಂದೆ ನಿಂತಿತು. 'ಪರಿಮಿತ' ಎಂಬ ಶಬ್ದವೇ ನನಗೆ ಮೆಚ್ಚು. ಅದು ಯಾರನ್ನೂ ಮರುಳುಗೊಳಿಸದು.

ಶಬ್ದದ ಚರ್ಚೆ ಪಂಡಿತರಿಗಿರಲಿ ಎನ್ನುವಂತಿಲ್ಲ. ತಿಂಗಳ ಸಂಬಳದಲ್ಲಿ ಉಳಿದುದನ್ನು ಧಣಿಗಳ ಬಳಿಯಲ್ಲೇ ಇಟ್ಟು, ತಂಗಿಯ ಮದುವೆಗೆ ಊರಿಗೆ ಹೊರಟಾಗ ಕೇಳಿ ಪಡೆಯುವ ವಾಡಿಕೆ ನಮ್ಮವರದು. ಧಣಿಗಳ ಮೇಲಿನ ವಿಶ್ವಾಸವೇ ಅದಕ್ಕೆ ರಶೀದಿ. ಹೋಟೆಲು ಕಂಪನಿಯಾಗಿ ಮಾರ್ಪಟ್ಟು ಆ ಹಣ ಕಂಪನಿಯ ಲೆಕ್ಕಕ್ಕೆ ಸೇರಿದರೆ, ಕೇಳಬೇಕಾದುದು ಧಣಿಗಳನ್ನಲ್ಲ, ಕಂಪನಿಯನ್ನು. ಕಂಪನಿ ದಿವಾಳಿಯೆದ್ದು ಆಸ್ತಿ ಹಂಚಿಹೋಗುವಾಗ, 2016ರ ದಿವಾಳಿ ಸಂಹಿತೆಯು ಕೆಲಸಗಾರರ 24 ತಿಂಗಳ ಬಾಕಿ ಸಂಬಳವನ್ನು ಅಡವಿನ ಮೇಲೆ ಸಾಲವಿತ್ತ ಬ್ಯಾಂಕುಗಳ ಸಾಲಿನಲ್ಲೇ ಇರಿಸಿದೆ. ನಂಬಿ ಕೈಗಡವಾಗಿ ಕೊಟ್ಟ ಹಣಕ್ಕೆ ಆ ಸ್ಥಾನವಿಲ್ಲ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ಇರುವ ವಿಮೆಯೂ ಇಲ್ಲ.

ಆದುದರಿಂದ ಹಣವನ್ನು ಅಲ್ಲಿಯೇ ಇಡಲೇಬೇಕೆಂದಿದ್ದರೆ, ಒಂದು ಚೀಟಿಯನ್ನು ಕೇಳಿ ಪಡೆಯಿರಿ; ಧಣಿಗಳು ಅದರಲ್ಲಿ ತಾವೇ ಹೊಣೆಯೆಂದು ಬರೆದು ಸ್ವಂತ ಹೆಸರಿನಲ್ಲಿ ರುಜು ಹಾಕಿರುವರೋ, ಕಂಪನಿಯ ಪರವಾಗಿ ಹಾಕಿರುವರೋ ನೋಡಿರಿ. ಸಂಕೋಚವಾದರೆ ಕೌಂಟರಿನ ಗುಮಾಸ್ತರಿಂದ ಓದಿಸಿಕೊಳ್ಳಿರಿ.