ಮಾಹಿತಿ ವ್ಯವಸ್ಥೆಯ ಉನ್ನತ ವ್ಯಾಸಂಗ: ಒಂದು ವಿಚಾರ

ಬಿ.ಸಿ.ಎ. ಅಥವಾ ಬಿ.ಎಸ್ಸಿ. ಓದುತ್ತಿರುವ ನಮ್ಮ ಶಾಲೆಯ ಹಳೆವಿದ್ಯಾರ್ಥಿಗಳು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಮಾಹಿತಿ ವ್ಯವಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂದಿದ್ದೇನೆ, ಕನ್ನಡ ಮಾಧ್ಯಮದಲ್ಲಿ ಕಲಿತವನಿಂದ ಅದು ಸಾಧ್ಯವೇ ಸರ್?" ಈ ಪ್ರಶ್ನೆಯ ಉತ್ತರಾರ್ಧವೇ ಅವರ ನಿದ್ದೆಗೆಡಿಸಿರುತ್ತದೆ, ಆ ವಿದ್ಯೆ ಏನೆಂಬುದನ್ನು ವಿಚಾರಿಸಿದವರು ವಿರಳ. ಚಿಂತಿಸಬೇಕಾದುದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ಭಾಷೆಯ ಭಯಕ್ಕೆ ಉತ್ತರ ಸುಲಭ. ನಮಗೆ ಸಮೀಪದ ಸುರತ್ಕಲ್ಲೂ ಸೇರಿದಂತೆ ಎನ್.ಐ.ಟಿ.ಗಳ ಎಂ.ಸಿ.ಎ. ಪ್ರವೇಶಕ್ಕೆ ನಡೆಯುವ ನಿಮ್ಸೆಟ್ ಪರೀಕ್ಷೆಯಲ್ಲಿ, ಇತ್ತೀಚಿನ ವರ್ಷಗಳ ಕ್ರಮದಂತೆ, 1000 ಅಂಕಗಳ ಪೈಕಿ ಗಣಿತಕ್ಕೆ 600, ಇಂಗ್ಲಿಷಿಗೆ 40. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ, ನಿಜ. ಆದರೆ ನಮ್ಮ ಮಕ್ಕಳನ್ನು ತಡೆಯುವುದು ಇಂಗ್ಲಿಷಲ್ಲ, ಪ್ಲಸ್ ಟುವಿನಲ್ಲಿ ಕಷ್ಟವೆಂದು ಕೈಬಿಟ್ಟ ಗಣಿತ. ಮೂರು ವರ್ಷಗಳಿದ್ದ ಎಂ.ಸಿ.ಎ. 2020ರಿಂದ ಅನೇಕ ಕಡೆ ಎರಡು ವರ್ಷಗಳಿಗೆ ಇಳಿದಿರುವುದರಿಂದ, ಸೇರಿದ ಮೇಲೆ ಕಲಿತುಕೊಳ್ಳುತ್ತೇನೆಂಬ ಮಾತಿಗೂ ಈಗ ಅವಕಾಶ ಕಡಿಮೆ. ಆದುದರಿಂದ ಈ ಯೋಜನೆ ಆರಂಭವಾಗಬೇಕಾದುದು ಪದವಿಯ ಕೊನೆಯ ವರ್ಷದಲ್ಲಲ್ಲ, ಹತ್ತನೆಯ ತರಗತಿ ಮುಗಿದ ಬೇಸಗೆಯಲ್ಲಿ.

ಇನ್ನು ವಿದ್ಯೆಯ ವಿಚಾರ. ಮಾಹಿತಿ ವ್ಯವಸ್ಥೆಯೆಂದರೆ ಕೇವಲ ಪ್ರೋಗ್ರಾಂ ಬರೆಯುವುದಲ್ಲ. ಒಂದು ಬ್ಯಾಂಕು, ಆಸ್ಪತ್ರೆ, ಪಂಚಾಯತು ತನ್ನ ಜನರ ವಿವರಗಳನ್ನು ಹೇಗೆ ಸಂಗ್ರಹಿಸಬೇಕು, ಒಬ್ಬನೇ ಮನುಷ್ಯ ಇಬ್ಬರಾಗದಂತೆ ಹೇಗೆ ನೋಡಿಕೊಳ್ಳಬೇಕು, ಯಾರಿಗೆ ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬುದೇ ಅದರ ತಿರುಳು. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡದ ಕುಂಬಳೆ ಮಲಯಾಳದಲ್ಲಿ ಕುಂಬಳ, ನಮ್ಮ ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಶಾಲೆಯ ದಾಖಲೆಯಲ್ಲಿ ನನ್ನ ಇನಿಷಿಯಲ್ಲು ಹೆಸರಿನ ಮುಂದಿತ್ತು. ಪಡಿತರ ಚೀಟಿಯಲ್ಲಿ ಅದು ಹಿಂದಕ್ಕೆ ಹೋಯಿತು. ಪದವಿ ಪ್ರಮಾಣಪತ್ರದಲ್ಲಿ ಮನೆತನದ ಹೆಸರಿನ ಒಂದು ಅಕ್ಷರವೇ ಬದಲಾಯಿತು. ಈ ಮೂವರೂ ನಾನೇ ಎಂದು ಒಂದು ಕಚೇರಿಗೆ ಮನದಟ್ಟು ಮಾಡುವಷ್ಟರಲ್ಲಿ ಕೈಗೆ ಬಂದಿದ್ದ ಕೆಲಸದ ಅವಧಿ ಮೀರಿತ್ತು. (ಆ ಕೆಲಸ ಸಿಕ್ಕಿದ್ದರೆ ಇಂದು ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.) ಮುಂದೆ ಎಂ.ಸಿ.ಎ. ತರಗತಿಯಲ್ಲಿ ದತ್ತಾಂಶ ವಿನ್ಯಾಸದ ಪಾಠ ಕೇಳಿದಾಗ ನನಗೆ ನೆನಪಾದುದು ಆ ಕಚೇರಿಯ ಬೆಂಚು. ಮೂರು ಲಿಪಿಗಳ ನಡುವೆ ಬೆಳೆದವನಿಗೆ ಈ ಸಮಸ್ಯೆಯ ಅರಿವು ಪುಸ್ತಕಕ್ಕಿಂತ ಮೊದಲೇ ಬಂದಿರುತ್ತದೆ. ಇದು ನಮ್ಮ ಮಕ್ಕಳ ಕೊರತೆಯಲ್ಲ, ಬಂಡವಾಳ.

ವಿದೇಶಕ್ಕೆ ಹೋಗಬಯಸುವವರಿಗೆ ಒಂದೆರಡು ಮಾತು. ಅಮೆರಿಕದಲ್ಲಿ ಈ ವಿಷಯವನ್ನು ಅನೇಕ ಕಡೆ ವಾಣಿಜ್ಯ ಹಾಗೂ ಆಡಳಿತ ವಿಭಾಗಗಳಲ್ಲಿ ಕಲಿಸುತ್ತಾರೆ. ನಮ್ಮ ಮೂರು ವರ್ಷದ ಪದವಿಯನ್ನು ಕೆಲವು ವಿಶ್ವವಿದ್ಯಾನಿಲಯಗಳು ಒಪ್ಪುತ್ತವೆ, ಕೆಲವು ಹದಿನಾರು ವರ್ಷಗಳ ವ್ಯಾಸಂಗವನ್ನು ಕೇಳುತ್ತವೆ. ಅದನ್ನು ವಿಚಾರಿಸದೆ ಅಡಿಕೆ ತೋಟವನ್ನು ಅಡವಿಟ್ಟು ಸಾಲ ತೆಗೆಯುವುದನ್ನು ನಾನು ಒಪ್ಪಲಾರೆ. ಮೊದಲು ಎರಡು ವರ್ಷ ಯಾವುದಾದರೂ ಸಂಸ್ಥೆಯಲ್ಲಿ ದುಡಿದು, ಲೆಕ್ಕಪತ್ರಗಳು ಎಲ್ಲಿ ಕೆಡುತ್ತವೆಂಬುದನ್ನು ಕಣ್ಣಾರೆ ಕಂಡು, ಅನಂತರ ಅರ್ಜಿ ಹಾಕುವುದು ಮೇಲು. ಹಾಗೆ ಮಾಡಿದರೆ ವಯಸ್ಸು ಮೀರುತ್ತದೆ ಎಂದು ಹೆತ್ತವರು ಆಕ್ಷೇಪಿಸುತ್ತಾರೆ. ಇಪ್ಪತ್ತಮೂರು ವಯಸ್ಸು ಮೀರುವ ವಯಸ್ಸಲ್ಲ.

ಅಷ್ಟೂ ಕಾಯಲಾರದವರಿಗೆ ಹತ್ತಿರದಲ್ಲೇ ಒಂದು ಪರೀಕ್ಷೆಯಿದೆ. ನಮ್ಮ ಶಾಲೆಯ ಐವತ್ತು ವರ್ಷಗಳ ದಾಖಲಾತಿ ಪುಸ್ತಕಗಳು ಕಚೇರಿಯ ಕಪಾಟಿನಲ್ಲಿವೆ. ಮುಖ್ಯೋಪಾಧ್ಯಾಯರು ಅನುಮತಿ ನೀಡಿದಲ್ಲಿ, ಅದರಲ್ಲಿ ಹತ್ತು ವರ್ಷಗಳ ಹೆಸರುಗಳನ್ನು, ಹೊರಗೆ ಒಯ್ಯದೆ ಅಲ್ಲೇ ಕುಳಿತು, ಕಂಪ್ಯೂಟರಿಗೆ ಏರಿಸಿ ನೋಡಿ. ಅಕ್ಕತಮ್ಮಂದಿರ ಮನೆತನದ ಹೆಸರು ಎರಡು ಬಗೆಯಾಗಿ ಬರೆದಿರುವುದು ಎದುರಾದಾಗ ಬೇಸರ ಬರುತ್ತದೋ, ಕುತೂಹಲ ಹುಟ್ಟುತ್ತದೋ? ಅದನ್ನು ತಿಳಿದುಕೊಂಡು ಬನ್ನಿ. ಕಾಲೇಜಿನ ಹೆಸರು ಅಮೇಲೆ ಮಾತನಾಡೋಣ. ಬರುವ ಬೇಸಗೆ ರಜೆಯಲ್ಲಿ ನಾನೂ ಊರಿನಲ್ಲೇ ಇರುತ್ತೇನೆ.