ಉನ್ನತ ಬೀಜಗಣಿತವೂ ನಮ್ಮ ತಾಲ್ಲೂಕುಗಳ ವಿದ್ಯಾರ್ಥಿಗಳೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ 2007ರಲ್ಲಿ ಜಿಲ್ಲೆಯೊಂದನ್ನು ರಚಿಸಿದಾಗ, ರಾಜಧಾನಿಯ ನೆರಳಿನಲ್ಲಿದ್ದ ಈ ಸೀಮೆಗೆ ತನ್ನದೇ ಆದ ಅಭ್ಯುದಯವುಂಟಾಗುವುದೆಂದು ಜನರು ಆಶಿಸಿದುದು ಸಹಜವೇ ಸರಿ. ರೇಷ್ಮೆಗೂಡಿನ ಮಾರುಕಟ್ಟೆ, ಬೊಂಬೆಯ ಕೈಗಾರಿಕೆ, ರಸ್ತೆ, ನೀರು ಇವುಗಳ ವಿಚಾರವಾಗಿ ಚರ್ಚೆ ನಡೆಯುತ್ತಲೇ ಇರುವುದು. ಆದರೆ ಇಲ್ಲಿಯ ಹುಡುಗ ಹುಡುಗಿಯರು ವಿಶ್ವವಿದ್ಯಾನಿಲಯದ ಮೇಲಣ ತರಗತಿಗಳಲ್ಲಿ ಗಣಿತವನ್ನು ವ್ಯಾಸಂಗಮಾಡುವಾಗ ಪಡುವ ಕಷ್ಟವನ್ನು ಕುರಿತು ಅಷ್ಟಾಗಿ ಮಾತು ಕೇಳಿಬರುವುದಿಲ್ಲ.

ಇದು ದೂರದಿಂದಾದ ಕಷ್ಟವಲ್ಲ. ಮೈಸೂರು ರಸ್ತೆಯಲ್ಲಿ ಬೆಂಗಳೂರಿಗೆ ಹೋಗುವವರು ನಗರದ ನಡುಭಾಗವನ್ನು ಮುಟ್ಟುವ ಮೊದಲೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕೇಂದ್ರವನ್ನು ಹಾದುಹೋಗುವರು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯೂ ಆ ಕಡೆಯಲ್ಲಿಯೇ ಇದೆ. ಅಡ್ಡಿಯಿರುವುದು ಪಾಠದ ಕ್ರಮದಲ್ಲಿ. ದ್ವಿತೀಯ ಪಿ.ಯು.ಸಿ.ಯಲ್ಲಿ ಮಾತೃಕೆ, ನಿರ್ಧಾರಕಗಳನ್ನು ವಿದ್ಯಾರ್ಥಿಯು ಲೆಕ್ಕಮಾಡಿ ಉತ್ತರ ತೆಗೆಯುವ ಸಾಧನಗಳೆಂದು ಕಲಿಯುವನು. ಎಂ.ಎಸ್ಸಿ. ತರಗತಿಗೆ ಬಂದೊಡನೆ ಸದಿಶಾಕಾಶ, ರೇಖೀಯ ಪರಿವರ್ತನೆ, ಐಗನ್ ಮೌಲ್ಯ, ಜೋರ್ಡಾನ್ ರೂಪ ಎಂಬ ಭಾವನೆಗಳು ಎದುರಾಗುವುವು. ಲೆಕ್ಕ ಹಿಂದೆ ಸರಿದು ಸಾಧನೆ ಮುಂದೆ ನಿಲ್ಲುವುದು. ಪ್ರೌಢಶಾಲೆಯವರೆಗೆ ಕನ್ನಡದಲ್ಲಿ ಓದಿದವನಿಗೆ ಪರಭಾಷೆಯ ತೊಡಕೂ ಹೊಸ ವಿಚಾರಕ್ರಮದ ತೊಡಕೂ ಒಂದರ ಮೇಲೊಂದು ಬೀಳುವುವು. ಆಗ ಅವನು ಗ್ರಹಿಸುವುದನ್ನು ಬಿಟ್ಟು ಬಾಯಿಪಾಠಕ್ಕೆ ತೊಡಗಿದರೆ ತಪ್ಪು ಅವನೊಬ್ಬನದೇ ಎನ್ನಲಾಗದು.

ಈ ಶಾಸ್ತ್ರವು ನಮ್ಮ ನಾಡಿಗೆ ತೀರ ಪರಕೀಯವೇ? ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಅದರಲ್ಲಿ ಒಂದು ಲೆಕ್ಕವುಂಟು: 9 ಮಾದಲಹಣ್ಣಿಗೂ 7 ಬೇಲದಹಣ್ಣಿಗೂ ಕೂಡಿ ಬೆಲೆ 107, 7 ಮಾದಲಕ್ಕೂ 9 ಬೇಲಕ್ಕೂ 101, ಒಂದೊಂದರ ಬೆಲೆಯೇನು? ಎರಡನ್ನೂ ಕೂಡಿದರೆ ಬೆಲೆಗಳ ಮೊತ್ತದ 16 ಪಾಲು 208 ಆಗುವುದರಿಂದ ಮೊತ್ತ 13. ಕಳೆದರೆ ಅಂತರದ 2 ಪಾಲು 6 ಆಗುವುದರಿಂದ ಅಂತರ 3. ಆದುದರಿಂದ ಮಾದಲಕ್ಕೆ 8, ಬೇಲಕ್ಕೆ 5. ಇಲ್ಲಿ ತೋರಿದ 16 ಮತ್ತು 2 ಎಂಬ ಸಂಖ್ಯೆಗಳೇ ಆ ಲೆಕ್ಕದ ಮಾತೃಕೆಯ ಐಗನ್ ಮೌಲ್ಯಗಳು. ಮೊತ್ತ, ಅಂತರಗಳೆಂಬ ಎರಡು ದಾರಿಗಳೇ ಅದರ ಐಗನ್ ದಿಕ್ಕುಗಳು. ಹೀಗೆ ಹಣ್ಣಿನ ಬೆಲೆಯಿಂದ ಪ್ರಾರಂಭಿಸಿದರೆ ಯಾವ ವಿದ್ಯಾರ್ಥಿಯು ಬೆದರುವನು? ಚನ್ನಪಟ್ಟಣದ ಕುಶಲಕರ್ಮಿಯು ಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುವಾಗ ಎಲ್ಲ ಬಿಂದುಗಳೂ ಸುತ್ತಿದರೂ ನಡುವಣ ಅಕ್ಷ ಮಾತ್ರ ಕದಲುವುದಿಲ್ಲ. ಐಗನ್ ಸದಿಶಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇದರಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರಿರಬಹುದು. 1998ರಲ್ಲಿ ಗೂಗಲ್ ಸ್ಥಾಪಕರು ಅಂತರ್ಜಾಲದ ಪುಟಗಳ ತಾರತಮ್ಯವನ್ನು ನಿರ್ಣಯಿಸಲು ಪ್ರಕಟಿಸಿದ ಕ್ರಮವು ಒಂದು ಮಹಾಮಾತೃಕೆಯ ಐಗನ್ ಸದಿಶವನ್ನು ಕಂಡುಹಿಡಿಯುವುದೇ ಆಗಿತ್ತು. 1920ರಲ್ಲಿ ಹೂವಿನ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರು, ಸಾಮಾನ್ಯ ರೀತಿಯಲ್ಲಿ ವಿಲೋಮವೇ ಇಲ್ಲದ ಮಾತೃಕೆಗಳಿಗೂ ಸಾರ್ವತ್ರಿಕ ವಿಲೋಮವನ್ನು ನಿರೂಪಿಸಿ, ಸುಜಿತ್ ಕುಮಾರ್ ಮಿತ್ರರೊಡನೆ 1971ರಲ್ಲಿ ಅದನ್ನು ಕುರಿತು ಗ್ರಂಥವನ್ನೇ ಬರೆದರು. ಸಣ್ಣ ಊರಿನಲ್ಲಿ ಹುಟ್ಟಿದವರಿಗೆ ಈ ವಿದ್ಯೆ ದಕ್ಕದೆಂಬ ಮಾತಿಗೆ ಆಧಾರವಿಲ್ಲ.

ಇನ್ನು ಸರ್ಕಾರದ ಮಾತು. 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಸಿದರು. ಎರಡಕ್ಕೂ ಕಾರಣಗಳಿರಬಹುದು, ಆದರೆ ಮೆಟ್ಟಿಲ ಮೇಲೆ ಮೆಟ್ಟಿಲಾಗಿ ಏರಬೇಕಾದ ಗಣಿತದಂತಹ ಶಾಸ್ತ್ರಕ್ಕೆ ಮೆಟ್ಟಿಲನ್ನೇ ಅಲುಗಿಸುತ್ತಿರುವುದು ಕ್ಷೇಮಕರವಲ್ಲ. ಪಾಠಕ್ರಮವು ಸ್ಥಿರವಾಗಿರಲಿ. ಎಂ.ಎಸ್ಸಿ. ಸೇರುವವರಿಗೆ ಮೊದಲ ಕೆಲವು ವಾರ ಕನ್ನಡದಲ್ಲಿ ಪೂರ್ವಪಾಠ ನಡೆಯಲಿ. ಸಾಧನೆಗಳನ್ನು ಕನ್ನಡದಲ್ಲಿ ವಿವರಿಸಿ, ಪರಿಭಾಷೆಯನ್ನು ಎರಡು ಭಾಷೆಗಳಲ್ಲಿಯೂ ಕೊಡುವ ಕೈಪಿಡಿಯೊಂದು ಪ್ರತಿಯೊಂದು ತಾಲ್ಲೂಕಿನ ಕಾಲೇಜಿಗೂ ತಲುಪಲಿ. ಪರೀಕ್ಷಕರು ಉತ್ತರವೆಷ್ಟೆಂದು ಮಾತ್ರವಲ್ಲ, ಏಕೆಂದೂ ಕೇಳಲಿ.

ಕನ್ನಡದಲ್ಲಿ ಇಂಥ ಶಾಸ್ತ್ರ ಸಾಗದೆಂಬ ಆಕ್ಷೇಪವು ಹಳೆಯದು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಒಂದು ಶತಮಾನ ಕಳೆದ ಮೇಲೂ ನಾವು ಅದೇ ಆಕ್ಷೇಪವನ್ನು ಮುಂದಿಟ್ಟು ಕೈಕಟ್ಟಿ ಕುಳಿತರೆ ಅದು ಭಾಷೆಯ ದೌರ್ಬಲ್ಯವಲ್ಲ, ನಮ್ಮ ಆಲಸ್ಯ. ವಿಶ್ವವಿದ್ಯಾನಿಲಯಗಳ ಅಧಿಕಾರಿಗಳೂ ಈ ನಾಲ್ಕು ತಾಲ್ಲೂಕುಗಳ ಪ್ರಮುಖರೂ ಬರುವ ವ್ಯಾಸಂಗ ವರ್ಷಕ್ಕೆ ಮುಂಚಿತವಾಗಿಯೇ ಈ ಕಾರ್ಯಕ್ಕೆ ಕೈಹಾಕುವರೆಂದು ನಾವು ನಿರೀಕ್ಷಿಸುತ್ತೇವೆ.